ಹೊಯ್ಸಳ ಗುಡಿಗಳ ಪಟ್ಟಿಯನ್ನು ಆರ್‌ಡಿಎಫ್‌ಲಿಬ್‌ಗೆ ಹಾಕಿದ್ದು

ಹಾಸನ, ಚಿಕ್ಕಮಗಳೂರು ಸೀಮೆಯ ಹೊಯ್ಸಳ ಗುಡಿಗಳ ಪಟ್ಟಿಯೊಂದು ನನ್ನ ಹತ್ತಿರ ಎಕ್ಸೆಲ್‌ನಲ್ಲಿತ್ತು. ಊರು, ದೇವರು, ಇಸವಿ ಅಂತ ಕಾಲಂಗಳು. ಬೆಳವಾಡಿಗೆ ಬಂದಾಗಲೇ ತಕರಾರು ಶುರು: ಅಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂವರೂ ಇದ್ದಾರೆ, ಕಾಲಂ ಮಾತ್ರ ಒಂದು. ಹಳೇಬೀಡಿಗೆ ದೋರಸಮುದ್ರ, ಬೇಲೂರಿಗೆ ವೇಲಾಪುರಿ ಅಂತ ಹಳೆ ಹೆಸರುಗಳು ಬೇರೆ.

ಸಂಗತಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಇಡುವ ಲಿಂಕ್ಡ್ ಡೇಟಾದಲ್ಲಿ ಈ ಗೋಜಿಲ್ಲ. ಅದರ ಆರ್‌ಡಿಎಫ್ ಎಂಬ ಮಾದರಿಯಲ್ಲಿ ಪ್ರತಿ ಸಂಗತಿಯೂ ಮೂರು ತುಂಡಿನ ಒಂದು ಟ್ರಿಪಲ್: ಯಾವ ವಸ್ತು, ಯಾವ ಸಂಬಂಧ, ಏನು. ಮೂವರು ದೇವರಿಗೆ ಮೂರು ಟ್ರಿಪಲ್. ಇಸವಿ ಗೊತ್ತಿಲ್ಲದ ಗುಡಿಗೆ ಇಸವಿಯ ಟ್ರಿಪಲ್ಲೇ ಇರಲ್ಲ, ಅಷ್ಟೇ.

ಪೈಥಾನ್ ಬರುವವರಿಗೆ ಆರ್‌ಡಿಎಫ್‌ಲಿಬ್ ಎಂಬ ಲೈಬ್ರರಿ ಇದಕ್ಕೆ ಸುಲಭದ ಬಾಗಿಲು. ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಒಂದು ಗ್ರಾಫ್ (ಟ್ರಿಪಲ್‌ಗಳ ಸಂಗ್ರಹ) ತೆರೆದು, ಆ್ಯಡ್ ಅಂತ ಟ್ರಿಪಲ್‌ಗಳನ್ನು ಹಾಕುತ್ತಾ ಹೋಗುವುದು. ಬೇಲೂರು ಚನ್ನಕೇಶವನ 1117ನ್ನು ಸಂಖ್ಯೆಯಾಗಿಯೇ ಕೊಟ್ಟರೆ ಅದು ಪೂರ್ಣಾಂಕ ಅಂತ ಲೈಬ್ರರಿಯೇ ಗುರುತು ಹಾಕಿಕೊಳ್ಳುತ್ತದೆ. ಸಿಎಸ್‌ವಿಯಿಂದ (ಎಕ್ಸೆಲ್ ಪಟ್ಟಿಯ ಸಾದಾ ಪಠ್ಯರೂಪ) ಓದಿದ್ದು ಬರೀ ಪಠ್ಯವಾಗಿ ಬರುವುದರಿಂದ ಇಸವಿಯನ್ನು ಮೊದಲು ಇಂಟ್‌ಗೆ ತಿರುಗಿಸಿಕೊಳ್ಳಬೇಕು.

ಕನ್ನಡದವರಿಗೆ ನಿಜವಾದ ಕೆಲಸ ಇರುವುದು ಹೆಸರುಗಳಲ್ಲಿ. ಲೇಬಲ್ ಹಾಕುವಾಗ ಭಾಷೆ ‘ಕೆಎನ್’ (ಕನ್ನಡದ ಸಂಕೇತ) ಅಂತ ಕೊಟ್ಟಿದ್ದರೆ, ಸ್ಪಾರ್ಕಲ್‌ನಲ್ಲಿ (ಗ್ರಾಫಿಗೆ ಪ್ರಶ್ನೆ ಕೇಳುವ ಭಾಷೆ) ಬರೀ ‘ಬೇಲೂರು’ ಅಂತ ಕೇಳಿದರೆ ಉತ್ತರ ಬರಲ್ಲ. ಪ್ರಶ್ನೆಯಲ್ಲೂ ಆ ಗುರುತು ಬೇಕು. ಅದಕ್ಕಿಂತ ಕಿತಾಪತಿಯದು ಇನ್ನೊಂದಿದೆ. ಪರಿಚಯದವರೊಬ್ಬರು ಹಳೆಯ ಆಸ್ಕಿ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದ ಪಟ್ಟಿ ಕೊಟ್ಟರು. ಅದನ್ನೂ ಗ್ರಾಫಿಗೆ ಸೇರಿಸಿದರೆ ಬೇಲೂರು ಎರಡಾಯಿತು! ಪರದೆಯ ಮೇಲೆ ಎರಡೂ ಒಂದೇ ಥರ. ಒಂದೊಂದೇ ಅಕ್ಷರದ ಕೋಡ್ ಮುದ್ರಿಸಿ ನೋಡಿದಾಗ ಗೊತ್ತಾಯಿತು: ಒಂದು ಕಡೆ ‘ಬೇ’ಯ ಏತ್ವ ಒಂದೇ ಸಂಕೇತ, ಇನ್ನೊಂದು ಕಡೆ ಎತ್ವ ಒಂದು, ಅದರ ದೀರ್ಘದ ಚಿಹ್ನೆ ಇನ್ನೊಂದು. ಯೂನಿಕೋಡ್ ಪ್ರಕಾರ ಎರಡೂ ಸರಿ, ಸಮಾನ. ಆರ್‌ಡಿಎಫ್‌ಗೆ ಮಾತ್ರ ಬೇರೆ ಬೇರೆ. ಪೈಥಾನಿನ ಯೂನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಇದೆ, ‘ಎನ್‌ಎಫ್‌ಸಿ’ ಅಂತ ಕೊಟ್ಟರೆ ಎಲ್ಲ ಒಂದೇ ರೂಪಕ್ಕೆ ಬರುತ್ತದೆ. ಕನ್ನಡದ ಯಾವುದೇ ಪಠ್ಯ ಗ್ರಾಫಿಗೆ ಹೋಗುವ ಮುಂಚೆ ನನ್ನಲ್ಲಿ ಈಗ ಈ ಒಂದು ಸಾಲು ದಾಟಿಯೇ ಹೋಗಬೇಕು.

ಊರಿನ ಹೆಸರನ್ನೇ ಯುಆರ್‌ಐ (ಗ್ರಾಫಿನಲ್ಲಿ ಒಂದು ವಸ್ತುವಿನ ಗುರುತು) ಮಾಡುವುದು ಬೇಡ ಅನ್ನುವುದೂ ಇದಕ್ಕೇ. ಊರಿಗೊಂದು, ಗುಡಿಗೊಂದು ಸಂಖ್ಯೆ ಕೊಟ್ಟು, ಹೆಸರುಗಳನ್ನೆಲ್ಲ ಲೇಬಲ್ ಆಗಿ ಅಂಟಿಸಿದರೆ ದೋರಸಮುದ್ರ ಅಂತ ಹುಡುಕಿದರೂ ಹಳೇಬೀಡೇ ಸಿಗುತ್ತದೆ. ಎಲ್ಲರಿಗೂ ತೆರೆದ ಮಾಹಿತಿಕೋಶವಾದ ವಿಕಿಡೇಟಾದಲ್ಲಿ ಅದೇ ಗುಡಿಯ ನಮೂದು ಇದ್ದರೆ ‘ಸೇಮ್‌ಆ್ಯಸ್’ (ಎರಡೂ ಒಂದೇ ಅನ್ನುವ) ಟ್ರಿಪಲ್ ಒಂದನ್ನು ಹಾಕಿದರಾಯಿತು. ಬೇಲೂರು, ಹಳೇಬೀಡಿನ ಮಟ್ಟಿಗೆ ಇದು ಸಲೀಸು, ಸಣ್ಣ ಊರುಗಳಲ್ಲಿ ಒಂದೇ ಹೆಸರಿನವು ಬಹಳ, ಕೈಯಿಂದಲೇ ನೋಡಿ ಹಾಕಬೇಕು.

ಗ್ರಾಫನ್ನು ಫೈಲಾಗಿ ಉಳಿಸುವಾಗ, ಟ್ರಿಪಲ್‌ಗಳನ್ನು ಬರೆದಿಡುವ ಟರ್ಟಲ್ ರೂಪವೇ ವಾಸಿ. ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕೋಡ್ ಬಾರದ ಇತಿಹಾಸದ ಮೇಷ್ಟ್ರೊಬ್ಬರಿಗೆ ಪ್ರಿಂಟ್ ಕೊಟ್ಟರೆ ಪೆನ್ಸಿಲ್ ಹಿಡಿದು ಇಸವಿಗಳನ್ನು ತಿದ್ದಿಕೊಟ್ಟರು. ಸುಮ್ಮನೆ ತೆರೆದ ಗ್ರಾಫ್ ಇರುವುದು ಕಂಪ್ಯೂಟರಿನ ಮೆಮೊರಿಯಲ್ಲಿ. ಎರಡು ಜಿಲ್ಲೆಯ ಗುಡಿಗಳಿಗೆ ಅದು ಧಾರಾಳ. ಲಕ್ಷಗಟ್ಟಲೆ ಟ್ರಿಪಲ್‌ಗಳ ಮಾತು ಬಂದಾಗ ಜೆನಾ ಫ್ಯೂಸೆಕಿಯಂಥ ಸರ್ವರ್ ನೋಡಿಕೊಳ್ಳಬಹುದು, ಇದೇ ಟರ್ಟಲ್ ಫೈಲ್ ಅಲ್ಲಿಗೂ ಹಾಗೇ ಹೋಗುತ್ತದೆ.