ನಿಂತಲ್ಲೇ ಹಣ ತಿನ್ನುವ ಗಾಡಿ: ಕ್ಯಾರವಾನ್ ಕೊಂಡು ಸಾಕಿದ ನನ್ನ ಅನುಭವ

ಕ್ಯಾರವಾನ್ ಎಂದಾಗ ಇಲ್ಲಿ ನಾನು ಹೇಳುತ್ತಿರುವುದು ಸ್ವಂತ ಎಂಜಿನ್ ಇಲ್ಲದ, ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆಗಾಡಿಯ ವಿಷಯ. ಅದನ್ನು ಕೊಂಡಾಗಿನಿಂದ ಖರ್ಚಿನ ಲೆಕ್ಕವನ್ನು ಎರಡು ಭಾಗ ಮಾಡಿ ಬರೆಯುತ್ತ ಬಂದಿದ್ದೇನೆ: ಗಾಡಿ ಹೊರಟಾಗ ಮಾತ್ರ ಆಗುವ ಖರ್ಚು ಒಂದು ಕಡೆ, ಅದು ಅಲುಗದೆ ನಿಂತಿದ್ದರೂ ತಪ್ಪದೆ ಆಗುವ ಖರ್ಚು ಇನ್ನೊಂದು ಕಡೆ. ಇಂಧನ, ತಂಗುದಾಣದ ಬಾಡಿಗೆ ಮೊದಲಾದವು ಕಣ್ಣಿಗೆ ಬೀಳುವುದರಿಂದ ಕೊಳ್ಳುವ ಮುನ್ನ ಎಲ್ಲರೂ ಅವುಗಳನ್ನೇ ವಿಚಾರಿಸುತ್ತಾರೆ. ಆದರೆ ನನ್ನ ಪುಸ್ತಕದಲ್ಲಿ ಒಂದು ವರ್ಷವೂ ತಪ್ಪದೆ ಎರಡನೆಯ ಭಾಗವೇ ದೊಡ್ಡದಾಗಿದೆ.

ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಮೌಲ್ಯದ ಇಳಿಕೆ. ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲವಾದ್ದರಿಂದ ಅನೇಕರು ಇದನ್ನು ಖರ್ಚೆಂದೇ ಎಣಿಸುವುದಿಲ್ಲ. ಹೊಸ ಗಾಡಿಯ ಬೆಲೆ ಮೊದಲ ಕೆಲವು ವರ್ಷಗಳಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನಗೊಳ್ಳುತ್ತದೆ. ಆ ಮೊದಲ ಇಳಿಕೆಯನ್ನು ಬೇರೊಬ್ಬರು ಭರಿಸಿದ ಮೇಲೆ ಕೊಳ್ಳುವುದು ಮೇಲೆಂದು ತೀರ್ಮಾನಿಸಿ ನಾನು ಬಳಸಿದ ಗಾಡಿಯನ್ನೇ ಹುಡುಕಿದೆ. ಪ್ರತಿ ವರ್ಷದ ಕೊನೆಗೆ ಅದೇ ಮಾದರಿಯ, ಅದೇ ವಯಸ್ಸಿನ ಗಾಡಿಗಳು ಯಾವ ಬೆಲೆಗೆ ಮಾರಾಟಕ್ಕಿವೆ ಎಂದು ನೋಡಿ, ಹಿಂದಿನ ವರ್ಷದ ಬೆಲೆಯೊಂದಿಗೆ ಹೋಲಿಸಿ, ಇಳಿದಷ್ಟನ್ನು ನಗದು ಕೊಟ್ಟ ಹಾಗೆಯೇ ಬರೆದುಕೊಳ್ಳುತ್ತೇನೆ. ಸಾಲ ಮಾಡಿ ಕೊಂಡವರು ಬಡ್ಡಿಯನ್ನೂ, ಕೈಯ ಹಣ ಹಾಕಿದವರು ಆ ಹಣ ಬೇರೆಡೆ ತರಬಹುದಾಗಿದ್ದ ಆದಾಯವನ್ನೂ ಇದಕ್ಕೆ ಸೇರಿಸಬೇಕು.

ಬೆಲೆಗಿಂತ ಮೊದಲು ತೂಕವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ತೂಕ ಹೊಂದದಿದ್ದರೆ ಕ್ಯಾರವಾನಿನ ಜೊತೆಗೆ ಕಾರನ್ನೂ ಬದಲಿಸಬೇಕಾಗುತ್ತದೆ. ಖಾಲಿ ಗಾಡಿಯ ತೂಕಕ್ಕೂ ತಯಾರಕರು ಅನುಮತಿಸಿರುವ ಗರಿಷ್ಠ ತೂಕಕ್ಕೂ ನಡುವಿನ ಅಂತರವೇ ನಾವು ಹೇರಬಹುದಾದ ಸಾಮಾನು, ಮತ್ತು ಅದು ಹಲವು ಗಾಡಿಗಳಲ್ಲಿ 150 ಕಿಲೊ ಆಸುಪಾಸಿನಲ್ಲೇ ಇರುತ್ತದೆ. ಲೀಟರಿಗೆ ಒಂದು ಕಿಲೊ ಲೆಕ್ಕದಲ್ಲಿ 40 ಲೀಟರಿನ ತೊಟ್ಟಿ ತುಂಬಿದರೆ 40 ಕಿಲೊ ಹೋಯಿತು. ಗಾಡಿಯನ್ನು ರಿಮೋಟಿನಿಂದ ಸರಿಸುವ ಮೋಟಾರು ಹಾಕಿಸಿದರೆ ಇನ್ನೊಂದು 30 ಕಿಲೊ. ಬಾಗಿಲ ಮುಂದೆ ಕಟ್ಟುವ ಡೇರೆ, ಹೆಚ್ಚುವರಿ ಬ್ಯಾಟರಿ ಸೇರಿದರೆ ಬಟ್ಟೆ ಪಾತ್ರೆಗಳ ಸರದಿ ಬರುವ ಮೊದಲೇ ಲೆಕ್ಕ ಮುಗಿಯಬಹುದು. ತುಂಬಿದ ಕ್ಯಾರವಾನು ಕಾರಿನ ತೂಕದ ಶೇಕಡ 85ನ್ನು ಮೀರದಿರಲಿ ಎಂಬುದು ಹೊಸದಾಗಿ ಎಳೆಯುವವರಿಗೆ ಕೊಡುವ ರೂಢಿಯ ಸಲಹೆ. ಅದು ಕಾನೂನಲ್ಲದಿದ್ದರೂ ನಾನು ಅದನ್ನೇ ಹಿಡಿದು ಗಾಡಿ ಆರಿಸಿದೆ. ಕಾರಿಗೆ ಎಳೆಕೊಂಡಿ, ದೀಪಗಳ ವೈರಿಂಗು, ಹಿಂದಿನದು ಕಾಣುವಂತೆ ಅಗಲದ ಕನ್ನಡಿಗಳು ಬೇಕಾದವು. ಹೊಸ ಕಾರುಗಳಲ್ಲಿ ಈ ವೈರಿಂಗಿಗೆ ಪ್ರತ್ಯೇಕ ಎಲೆಕ್ಟ್ರಾನಿಕ್ ಘಟಕ ಬೇಕಾಗುವುದರಿಂದ ಅದರ ಕೂಲಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಬಳಸಿದ ಗಾಡಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಒಳಗೆ ಇಳಿಯುವ ನೀರಿಗೆ. ಹಳೆಯ ಕ್ಯಾರವಾನುಗಳ ಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟು, ಅದರ ಹೊರಗೆ ತೆಳುವಾದ ಅಲ್ಯುಮಿನಿಯಂ ಹಾಳೆ, ಒಳಗೆ ತೆಳು ಪ್ಲೈವುಡ್. ಹಾಳೆಗಳು ಕೂಡುವ ಅಂಚು, ಕಿಟಕಿ, ಛಾವಣಿಯ ಕಿಂಡಿ, ದೀಪ, ಹಿಡಿಕೆ ಇವುಗಳ ಸುತ್ತ ತುಂಬಿದ ಸೀಲೆಂಟ್ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ, ಮಳೆನೀರು ಹನಿಹನಿಯಾಗಿ ಒಳಸೇರುತ್ತದೆ. ಒಳಗೋಡೆಯಲ್ಲಿ ಕಲೆ ಕಾಣಿಸುವ ಹೊತ್ತಿಗೆ ಹಿಂದಿನ ಮರ ಕೊಳೆತಿರುವುದೂ ಉಂಟು. ಆದ್ದರಿಂದ ನಾನು ತೇವಮಾಪಕವನ್ನು ಜೊತೆಗಿಟ್ಟುಕೊಂಡೇ ಗಾಡಿಗಳನ್ನು ನೋಡಲು ಹೋಗುತ್ತಿದ್ದೆ. ಶೇಕಡ 15ರ ಒಳಗಿನ ಅಂಕಿ ನೆಮ್ಮದಿಯದು, 20 ದಾಟಿದರೆ ಕಾರಣ ಹುಡುಕಬೇಕು, 30 ದಾಟಿದರೆ ಚೌಕಟ್ಟೇ ಕೆಟ್ಟಿರಬಹುದು. ಮೂಲೆಗಳು, ಕಿಟಕಿಯ ಕೆಳಭಾಗ, ಮಂಚದ ಕೆಳಗಿನ ಪೆಟ್ಟಿಗೆಗಳ ಒಳಬದಿ ಇವುಗಳನ್ನು ಬಿಡದೆ ಮುಟ್ಟಿಸಿ ನೋಡಿದೆ. ಅಂದವಾಗಿ ಒರೆಸಿ, ಸುಗಂಧ ಸಿಂಪಡಿಸಿ ನಿಲ್ಲಿಸಿದ್ದ ಗಾಡಿಯೊಂದು ಮುಂದಿನ ಮೂಲೆಯಲ್ಲೇ ಸಿಕ್ಕಿಬಿತ್ತು. ಇದರ ದುರಸ್ತಿಗೆ ಬಳಸುವ ಮರ, ಹಲಗೆಗಳ ಬೆಲೆ ಅಷ್ಟೇನೂ ಇಲ್ಲ. ಆದರೆ ಒಳಗಿನ ಕಪಾಟು, ಆಸನಗಳನ್ನು ಬಿಚ್ಚಿ, ಗೋಡೆ ತೆರೆದು, ಒಣಗಿಸಿ ಮತ್ತೆ ಜೋಡಿಸುವ ಕೂಲಿ ಹಳೆಯ ಗಾಡಿಯ ಬೆಲೆಯನ್ನೇ ಮೀರಬಲ್ಲದು. ಈಗಲೂ ವರ್ಷಕ್ಕೊಮ್ಮೆ ಅವೇ ಜಾಗಗಳ ಅಂಕಿಗಳನ್ನು ಗಾಡಿಯ ನಕ್ಷೆಯ ಮೇಲೆ ಬರೆದಿಡುತ್ತೇನೆ, ಏಕೆಂದರೆ ಒಂದು ಅಂಕಿಗಿಂತ ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬುದು ಹೆಚ್ಚು ಹೇಳುತ್ತದೆ.

ಟೈರುಗಳ ವಿಷಯದಲ್ಲಿ ಕಾರಿನ ಅಭ್ಯಾಸ ಕೆಲಸಕ್ಕೆ ಬಾರದು. ಕ್ಯಾರವಾನು ವರ್ಷದ ಬಹುಭಾಗ ನಿಂತೇ ಇರುವುದರಿಂದ ಅದರ ಟೈರಿನ ಮೇಲ್ಮೈ ಸವೆಯುವ ಮೊದಲೇ ರಬ್ಬರು ಮುಪ್ಪಾಗಿ ಪಕ್ಕಗಳಲ್ಲಿ ಬಿರುಕು ಬಿಡುತ್ತದೆ; ಗೀರುಗಳು ಆಳವಾಗಿದ್ದು ನೋಡಲು ಹೊಸದರಂತಿದ್ದರೂ 5 ವರ್ಷಕ್ಕೆ ಬದಲಿಸುವುದು ಒಳ್ಳೆಯದು, 7 ವರ್ಷಕ್ಕಿಂತ ಮುಂದಕ್ಕೆ ಹಾಕಬಾರದು ಎಂಬುದು ಸಾಮಾನ್ಯ ಸಲಹೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಬೆಲೆಯನ್ನು ನಾನು ಐದರಿಂದ ಭಾಗಿಸಿ ಪ್ರತಿ ವರ್ಷದ ಖಾತೆಗೆ ಹಾಕುತ್ತೇನೆ. ಬ್ರೇಕು, ಗ್ಯಾಸ್ ಮತ್ತು ವಿದ್ಯುತ್ ವ್ಯವಸ್ಥೆಗಳ ವಾರ್ಷಿಕ ಸರ್ವಿಸಿಗೂ ಓಡಿದ ದೂರಕ್ಕೂ ಸಂಬಂಧವಿಲ್ಲ. ಗ್ಯಾಸಿನ ರಬ್ಬರು ಕೊಳವೆಗೂ ಆಯುಷ್ಯವಿದೆ.

ಬ್ಯಾಟರಿಯೂ ಸುಮ್ಮನೆ ನಿಂತೇ ಹಾಳಾಗುವ ವಸ್ತು. 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಬಾಳಿಕೆ ಕುಗ್ಗುತ್ತದೆ, ಕಳ್ಳತನ ತಡೆಯುವ ಅಲಾರಂ ಮಾತ್ರ ಚಾಲನೆಯಲ್ಲಿದ್ದರೂ ಅದು ವಾರಗಳಲ್ಲಿ ಬರಿದಾಗಬಹುದು. ನೀರು ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಕೊಳಾಯಿ, ಪಂಪು, ಹೀಟರುಗಳಲ್ಲಿನ ನೀರನ್ನು ಪೂರ್ತಿ ಬಸಿಯಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಹಿಗ್ಗಿ ಅವನ್ನು ಒಡೆಯುತ್ತದೆ.

ಇನ್ನು ನಿಲ್ಲಿಸುವ ಜಾಗ ಮತ್ತು ವಿಮೆ. ಮನೆಯ ಮುಂದೆ ಜಾಗವಿಲ್ಲದವರಿಗೆ ಜಾಗದ ಬಾಡಿಗೆ ಹನ್ನೆರಡೂ ತಿಂಗಳು ಇದೆ, ಮತ್ತು ಕಾವಲಿರುವ ಜಾಗಕ್ಕೆ ಬಾಡಿಗೆ ಹೆಚ್ಚಾದರೂ ವಿಮೆಯ ಕಂತು ಸ್ವಲ್ಪ ಇಳಿಯಬಹುದಾದ್ದರಿಂದ ಎರಡನ್ನೂ ಕೂಡಿಸಿಯೇ ತೂಗಬೇಕು. ಕೊಂಡಿಯ ಬೀಗ, ಚಕ್ರದ ಬೀಗ ಹಾಕಿರಬೇಕೆಂಬ ಷರತ್ತು ವಿಮಾ ಪತ್ರದಲ್ಲಿದ್ದರೆ ಆ ಬೀಗಗಳ ಬೆಲೆಯೂ ವಿಮೆಯ ಖರ್ಚೇ. ಕಳವಾದಾಗ ಕೊಡುವುದು ಅಂದಿನ ಮಾರುಕಟ್ಟೆ ಬೆಲೆಯನ್ನೋ ಹೊಸ ಗಾಡಿಯ ಬೆಲೆಯನ್ನೋ ಎಂಬುದರ ಮೇಲೆ ಕಂತು ಬಹಳ ಬದಲಾಗುತ್ತದೆ. ಹಳೆಯ ಗಾಡಿಗೆ ಮೊದಲನೆಯದೇ ಸಾಕೆಂದು ನಾನು ಅದನ್ನೇ ಆರಿಸಿದೆ.

ಹೊರಟಾಗಿನ ಖರ್ಚಿನಲ್ಲಿ ನಮ್ಮ ಹತೋಟಿಯಲ್ಲಿರುವುದು ವೇಗ. ಕ್ಯಾರವಾನಿನ ಎತ್ತರದ ಚಪ್ಪಟೆ ಮುಖಕ್ಕೆ ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 100ರ ಬದಲು 80 ಕಿಲೊಮೀಟರಿನಲ್ಲಿ ಹೋದರೆ ಆ ತಡೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ. ಅವಸರವಿಲ್ಲದಾಗ ನಾನು ಹಾಗೆಯೇ ಹೋಗುತ್ತೇನೆ.

ನಿಂತಾಗಿನ ಖರ್ಚನ್ನೆಲ್ಲ ಕೂಡಿಸಿ, ಅಂಥದೇ ಕ್ಯಾರವಾನನ್ನು ಬಾಡಿಗೆಗೆ ಪಡೆದರೆ ಒಂದು ರಾತ್ರಿಗೆ ಕೊಡಬೇಕಾದ ಮೊತ್ತದಿಂದ ಭಾಗಿಸಿದರೆ, ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗಿದರೆ ಕೊಂಡದ್ದು ಲಾಭವೆಂಬ ಅಂಕಿ ಸಿಗುತ್ತದೆ. ಇಂಧನ, ತಂಗುದಾಣದ ಬಾಡಿಗೆ ಎರಡೂ ಕಡೆ ಒಂದೇ ಆಗಿರುವುದರಿಂದ ಅವನ್ನು ಬಿಟ್ಟುಬಿಡಬಹುದು. ಒಂದು ದೀರ್ಘ ರಜೆಗೆಂದು ಮಾತ್ರ ಕೊಳ್ಳುವವರಿಗೆ ಈ ಲೆಕ್ಕ ಹೊಂದುವುದು ಕಷ್ಟ. ನಮಗೆ ಹೊಂದಿದ್ದು ವಾರಾಂತ್ಯಗಳಲ್ಲೂ ಜನಸಂದಣಿಯಿಲ್ಲದ ತಿಂಗಳುಗಳಲ್ಲೂ ಹೊರಡುವ ಅಭ್ಯಾಸದಿಂದ. ಮೌಲ್ಯದ ಇಳಿಕೆ ಈಗ ತೀರಾ ನಿಧಾನವಾಗಿರುವುದರಿಂದ ಗಾಡಿ ಬದಲಿಸುವ ಯೋಚನೆಯಿಲ್ಲ. ಮುಂದಿರುವ ದೊಡ್ಡ ಕೆಲಸವೆಂದರೆ ಛಾವಣಿಯ ಅಂಚುಪಟ್ಟಿಗಳನ್ನು ಬಿಚ್ಚಿಸಿ ಹೊಸದಾಗಿ ಸೀಲೆಂಟ್ ತುಂಬಿಸುವುದು. ಅದರ ಅಂದಾಜು ಮೊತ್ತವನ್ನು ಗಾಡಿಯನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೇವೋ ಅಷ್ಟು ವರ್ಷಗಳಿಗೆ ಹಂಚಿ ಈಗಲೇ ಖಾತೆಗೆ ಹಾಕಿದ್ದೇನೆ.