ಒಂದೇ ಊರು, ಮಧ್ಯಾಹ್ನದ ಊಟ: ನಮ್ಮ ವಿಯೆನ್ನಾ ಲೆಕ್ಕ

ಯೂರೋಪಿನವರೆಗೆ ಹೋಗಿ ಒಂದೇ ಊರಿನಲ್ಲಿ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ, ಒಂಬತ್ತು ಹತ್ತು ದಿನ ಇರುತ್ತೇವೆ ಎಂದಾಗ ಒಪ್ಪಿದವರು ಯಾರೂ ಇಲ್ಲ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಜೊತೆಗೆ ನಡೆಯುವ ಗೆಳೆಯರು, “ಅದೇ ದುಡ್ಡಿಗೆ ಐದು ದೇಶ ಸುತ್ತಿ ಬರಬಹುದಲ್ಲ” ಎಂದರು. ಭಾವನವರ ತಕರಾರು ಬೇರೆ: “ನೀವಿಬ್ಬರೂ ಸಸ್ಯಾಹಾರಿಗಳು. ವಿಯೆನ್ನಾದಲ್ಲಿ ಬ್ರೆಡ್ಡು, ಆಲೂಗಡ್ಡೆ ತಿಂದು ಸೊರಗಿ ಬರುತ್ತೀರಿ, ನೋಡಿಕೊಳ್ಳಿ.” ಕಳೆದ ಸೆಪ್ಟೆಂಬರಿನಲ್ಲಿ ಹೋಗಿ ಬಂದೆವು. ವಿಮಾನದ ಟಿಕೆಟ್ ಸೇರಿ ಇಬ್ಬರಿಗೂ ಮೂರೂಕಾಲು ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಸೊರಗಲಿಲ್ಲ, ಒಂದೆರಡು ಕಿಲೋ ತೂಕ ಹೆಚ್ಚಿಸಿಕೊಂಡೇ ಬಂದೆವು. ಮೂರು ದಿನ ಕಂಡು ಓಡಿಬಂದವರು ಹೇಳದ ವಿಯೆನ್ನಾವನ್ನೂ ನೋಡಿದೆವು. ವೀಸಾ, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು ನಿಮಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಟ್ಟು ನೇರವಾಗಿ ಊಟಕ್ಕೆ ಬರುತ್ತೇನೆ. ಊಟವೇ ನಮ್ಮ ಇಡೀ ಪ್ರವಾಸದ ಬೆನ್ನೆಲುಬು.

ಹಿಂದೊಮ್ಮೆ ಪ್ಯಾಕೇಜಿನಲ್ಲಿ ಹೋದಾಗ ಬೆಳಿಗ್ಗೆ ಹೋಟೆಲಿನ ತಿಂಡಿ, ಮಧ್ಯಾಹ್ನ ಬಸ್ಸಿನಲ್ಲಿ ಬಿಸ್ಕತ್ತು, ರಾತ್ರಿ ಎಲ್ಲೋ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ಆರಿದ ಪನೀರು. ಆ ಊರಿನವರು ಏನು ಉಣ್ಣುತ್ತಾರೆ ಎಂಬುದು ಕೊನೆಗೂ ತಿಳಿಯಲಿಲ್ಲ. ವಿಯೆನ್ನಾದಲ್ಲೂ ಮೊದಲ ಎರಡು ಸಂಜೆ ಎಲ್ಲರೂ ಹೇಳುವ ಹಾಗೆ ನಡೆದುಕೊಂಡೆವು. ಹಗಲೆಲ್ಲ ಸುತ್ತಾಟ, ರಾತ್ರಿ ಸ್ಟೀಫನ್ಸ್‌ಡೋಮ್ ಚರ್ಚಿನ ಸುತ್ತಲಿನ ಓಣಿಯಲ್ಲಿ ಊಟ. ಇಬ್ಬರಿಗೆ ಎಪ್ಪತ್ತು ಯೂರೋ ಹತ್ತಿರ ಬಿಲ್ಲು ಬಂತು. ಯೂರೋಗೆ ನೂರು ರೂಪಾಯಿ ಎಂದು ಹಿಡಿಯಿರಿ, ಒಂದು ಹೊತ್ತಿಗೆ ಏಳು ಸಾವಿರ. ಮೇಜಿನ ಮೇಲಿದ್ದ ಬ್ರೆಡ್ಡಿನ ಬುಟ್ಟಿಗೂ ತುಂಡಿನ ಲೆಕ್ಕದಲ್ಲಿ ದುಡ್ಡು. ಅಷ್ಟು ಕೊಟ್ಟೂ ಹೆಂಡತಿಗೆ ಸಿಕ್ಕಿದ್ದು ಹಸಿರು ಸೊಪ್ಪಿನ ಸಲಾಡು.

ಮೂರನೆಯ ದಿನದಿಂದ ನನ್ನ ಲೆಕ್ಕದಂತೆ ದಿನವನ್ನೇ ತಿರುಗಿಸಿಬಿಟ್ಟೆ. ವಿಯೆನ್ನಾದ ಹಳೆಯ ಊಟದ ಮನೆಗಳಿಗೆ ಅಲ್ಲಿ ಬೈಸ್ಲ್ ಎನ್ನುತ್ತಾರೆ. ಮರದ ಗೋಡೆ, ಉಜ್ಜಿ ಉಜ್ಜಿ ಹೊಳಪು ಬಂದ ಮೇಜು, ಬಾಗಿಲ ಹೊರಗೆ ಸೀಮೆಸುಣ್ಣದಲ್ಲಿ ಬರೆದ ಹಲಗೆ. ವಾರದ ದಿನಗಳಲ್ಲಿ ಮಧ್ಯಾಹ್ನ ಸುಮಾರು ಹನ್ನೊಂದೂವರೆಯಿಂದ ಎರಡರವರೆಗೆ ಆ ಹಲಗೆಯ ಮೇಲೆ ‘ಮಿಟಾಗ್ಸ್‌ಮೆನ್ಯೂ’ ಇರುತ್ತದೆ: ಒಂದು ಸೂಪು, ಒಂದು ಮುಖ್ಯ ಊಟ, ಕೆಲವೆಡೆ ಜೊತೆಗೊಂದು ಸಿಹಿ. ಹತ್ತರಿಂದ ಹದಿನಾಲ್ಕು ಯೂರೋ. ಅದೇ ಅಡುಗೆಮನೆ, ಅದೇ ಅಡುಗೆಯವರು, ರಾತ್ರಿಯಾದರೆ ಎರಡರಷ್ಟು ದರ. ಸುತ್ತಲಿನ ಕಚೇರಿಗಳ ನೌಕರರು ಹನ್ನೆರಡು ಗಂಟೆಗೆ ಒಟ್ಟಿಗೆ ನುಗ್ಗುತ್ತಾರೆ. ನಾವು ಹನ್ನೊಂದೂವರೆಗೇ ಕುಳಿತಿರುತ್ತಿದ್ದೆವು. ಆಗ ಬಡಿಸುವವನಿಗೂ ಪುರುಸೊತ್ತು ಇರುತ್ತದೆ. ನಮ್ಮ ಪ್ರಶ್ನೆಗಳನ್ನು ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಹನ್ನೆರಡೂಕಾಲಿಗೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಲೇಬೇಕು. ಸಸ್ಯಾಹಾರಿಗಳು ಅಲ್ಲಿ ಸಿಕ್ಕಿಬೀಳುವುದು ಕಣ್ಣಿಗೆ ಕಾಣುವ ಮಾಂಸದಿಂದಲ್ಲ, ಕಾಣದ ಸಾರಿನಿಂದ. ತಿಳಿಯಾದ ಸೂಪಿನಲ್ಲಿ ದೋಸೆಯಂಥದ್ದನ್ನು ಸಣ್ಣಗೆ ಹೆಚ್ಚಿ ತೇಲಿಬಿಟ್ಟಿರುತ್ತಾರೆ, ನೋಡಲು ಸಾಧು. ಕೆಳಗಿರುವುದು ದನದ ಮೂಳೆ ಬೇಯಿಸಿದ ಸಾರು. ವಿಯೆನ್ನಾದ ಆಲೂಗಡ್ಡೆ ಸಲಾಡಿಗೂ ಅದೇ ಸಾರನ್ನು ಬಿಸಿಬಿಸಿಯಾಗಿ ಸುರಿಯುವ ರೂಢಿ ಇದೆ. ಎಲೆಕೋಸು ಹಾಕಿದ ಪಾಸ್ತಾದಲ್ಲಿ, ಬ್ರೆಡ್ಡಿನ ಉಂಡೆಗಳಲ್ಲಿ ಹಂದಿಯ ಸ್ಪೆಕ್ ಚೂರುಗಳು ಅಡಗಿರುತ್ತವೆ. ಕೆಲವು ಮೊಸರಿನ ಕೇಕುಗಳಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು. ನಾನು ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದೆ: “ಓನೆ ಫ್ಲೈಶ್, ಓನೆ ಸ್ಪೆಕ್, ಓನೆ ರಿಂಡ್‌ಸುಪ್ಪೆ, ಬಿಟ್ಟೆ.” ಮಾಂಸ ಬೇಡ, ಸ್ಪೆಕ್ ಬೇಡ, ದನದ ಸಾರು ಬೇಡ, ದಯವಿಟ್ಟು ಎಂದರ್ಥ. ಬರೀ ವೆಜಿಟೇರಿಯನ್ ಎಂದರೆ ಸಾಲದು, ಸಾರನ್ನು ಹೆಸರು ಹಿಡಿದು ಕೇಳಿ.

ಮೊಟ್ಟೆಯ ಸಮಸ್ಯೆ ಬೇರೆ. ನಾನು ತಿನ್ನುತ್ತೇನೆ, ಹೆಂಡತಿ ತಿನ್ನುವುದಿಲ್ಲ. ಇಲ್ಲಿ ಆಸ್ಟ್ರಿಯಾದ ಕಾನೂನೇ ನಮಗೆ ನೆರವಾಯಿತು. 2014ರ ಕೊನೆಯಿಂದ ಅಲ್ಲಿನ ಊಟದ ಮನೆಗಳು ಅಲರ್ಜಿ ತರುವ ಪದಾರ್ಥಗಳನ್ನು ತಿಳಿಸಲೇಬೇಕು. ಹೆಚ್ಚಿನ ಕಡೆ ಪ್ರತಿ ತಿನಿಸಿನ ಮುಂದೆ ಸಣ್ಣ ಅಕ್ಷರಗಳಿರುತ್ತವೆ. ಎ ಎಂದರೆ ಗೋಧಿಯಂಥ ಧಾನ್ಯ, ಸಿ ಮೊಟ್ಟೆ, ಡಿ ಮೀನು, ಜಿ ಹಾಲು, ಎಲ್ ಸೆಲರಿ. ಎರಡೇ ದಿನದಲ್ಲಿ ಹೆಂಡತಿ ಮೆನ್ಯೂವಿನ ಜರ್ಮನ್ ಓದುವುದನ್ನು ಬಿಟ್ಟು ನೇರವಾಗಿ ‘ಸಿ’ ಹುಡುಕುತ್ತಿದ್ದಳು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತರೆ ಅದೇ ಅವಳ ಊಟ. ನಾನು ‘ಎಲ್’ ಮೇಲೆ ಕಣ್ಣಿಡುತ್ತಿದ್ದೆ. ಸಾರು ಕುದಿಸುವಾಗ ಸೆಲರಿ ಹಾಕುತ್ತಾರೆ. ಸಲಾಡಿನ ಮುಂದೆ ‘ಎಲ್’ ಕಂಡರೆ ಸಾರು ಬಿದ್ದಿರಬಹುದು ಎಂದು ವಿಚಾರಿಸುತ್ತಿದ್ದೆ. ಎಲ್ಲ ಕಡೆ ಈ ಊಹೆ ನಿಲ್ಲುವುದಿಲ್ಲ, ನಮಗಂತೂ ಮೂರು ನಾಲ್ಕು ಸಲ ಕೈಹಿಡಿಯಿತು.

ಹಾಗೆ ಹುಡುಕಿ ಉಂಡದ್ದು ಏನೇನು ಎಂದರೆ, ಅಯರ್‌ಷ್ವಾಮರ್ಲ್ ಎಂಬ ಹಳದಿ ಕಾಡಣಬೆಯ ಗುಲಾಶ್ ಮೊದಲು ಬರಬೇಕು. ಅಲ್ಲಿನ ಬೇಸಿಗೆಯಿಂದ ಸುಮಾರು ಸೆಪ್ಟೆಂಬರ್, ಅಕ್ಟೋಬರಿನವರೆಗೆ ಮಾತ್ರ ಸಿಗುತ್ತದೆ. ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಕೆಂಪು ಪ್ಯಾಪ್ರಿಕಾ ಪುಡಿ, ಕೆನೆ. ಅಣಬೆ ಹಲ್ಲಿಗೆ ಸಿಕ್ಕಾಗ ಸಣ್ಣಗೆ ಕಾಳುಮೆಣಸಿನ ಖಾರ. ಜೊತೆಗೆ ಕೊಡುವ ಉಂಡೆಯಲ್ಲಿ ಮೊಟ್ಟೆ ಇರುತ್ತದೆ, ಅದರ ಬದಲು ಹುರಿದ ಆಲೂಗಡ್ಡೆ ಕೇಳಿದರೆ ಕೊಡುತ್ತಾರೆ. ತೆಳ್ಳಗಿನ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಬೇಯಿಸಿದ ತರಕಾರಿ ಸ್ಟ್ರೂಡೆಲ್ ಒಳ್ಳೆಯದು. ಸಾಂಪ್ರದಾಯಿಕವಾಗಿ ಸ್ಟ್ರೂಡೆಲ್ ಹಿಟ್ಟಿಗೆ ಮೊಟ್ಟೆ ಹಾಕುವುದಿಲ್ಲ, ಹಾಗಾಗಿ ಸೇಬಿನ ಸ್ಟ್ರೂಡೆಲ್ ಹೆಂಡತಿಗೆ ನಿತ್ಯದ ಸಿಹಿಯಾಯಿತು. ನನಗೆ ಕೈಸರ್‌ಷ್ಮಾರ್ನ್: ದಪ್ಪ ಸಿಹಿ ದೋಸೆಯನ್ನು ಬಾಣಲೆಯಲ್ಲೇ ಹರಿದು, ಪ್ಲಮ್ ಗೊಜ್ಜಿನ ಜೊತೆ ಕೊಡುತ್ತಾರೆ. ನಾವು ಹೆಚ್ಚು ಸಲ ಹೋದ ಬೈಸ್ಲ್ ಊರೊಳಗಿನ ಮೂರನೆಯ ಜಿಲ್ಲೆ ಎಂಬ ಬಡಾವಣೆಯಲ್ಲಿದೆ. ಹೆಸರು ಹೇಳುವುದಿಲ್ಲ. ಅಲ್ಲಿ ಇರುವುದೇ ಹತ್ತು ಹನ್ನೆರಡು ಮೇಜು, ಮುಂದಿನ ಸಲವೂ ನನಗೊಂದು ಬೇಕು.

ಹೊಟ್ಟೆ ತುಂಬಿದ ಮೇಲೆ ಕೋಣೆಗೆ ಬಂದು ಒಂದು ಗಂಟೆ ನಿದ್ದೆ. ಯೂರೋಪಿಗೆ ಹೋಗಿ ಮಧ್ಯಾಹ್ನ ಮಲಗುವುದೇ ಎಂದು ನಾದಿನಿ ಫೋನಿನಲ್ಲಿ ನಕ್ಕಳು. ಆದರೆ ಈ ಒಂದು ಗಂಟೆಯಿಂದ ದಿನಕ್ಕೆ ಎರಡು ಬೆಳಗು ಸಿಕ್ಕವು. ಮೊದಲನೆಯದು ನಿಜವಾದ ಬೆಳಗು. ಷೋನ್‌ಬ್ರುನ್ ಅರಮನೆಯ ತೋಟದ ಬಾಗಿಲು ಆರೂವರೆಗೆ ತೆರೆಯುತ್ತದೆ, ಪ್ರವೇಶ ಉಚಿತ. ಏಳು ಗಂಟೆಗೆ ಗ್ಲೋರಿಯೆಟ್ ಮಂಟಪದ ದಿಬ್ಬ ಹತ್ತಿದರೆ ಕೆಳಗೆ ಅರಮನೆ, ಅದರಾಚೆ ಇಡೀ ಊರು. ಸುತ್ತ ಓಡುವವರು ಮತ್ತು ಅಳಿಲುಗಳು ಮಾತ್ರ. ಬೆಲ್ವೆಡೇರ್ ಅರಮನೆಯ ಚಿತ್ರಶಾಲೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಮೊದಲು ಚಿತ್ರಕಾರ ಕ್ಲಿಮ್ಟ್‌ನ ‘ಚುಂಬನ’ದ ಕೋಣೆಗೆ ನಡೆದೆವು, ಹತ್ತು ನಿಮಿಷ ಅದರ ಮುಂದೆ ನಾಲ್ಕೈದೇ ಜನ. ಎರಡನೆಯ ಬೆಳಗು ಸಂಜೆ ನಾಲ್ಕಕ್ಕೆ. ಕಲಾ ಇತಿಹಾಸದ ಮ್ಯೂಸಿಯಂ ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳ ಪ್ರಪಂಚದ ಅತಿ ದೊಡ್ಡ ಸಂಗ್ರಹ ಅಲ್ಲಿದೆ. ಏಳೂವರೆಯ ಮೇಲೆ ಆ ಕೋಣೆ ಬಹುಮಟ್ಟಿಗೆ ಖಾಲಿ. 1565ರಲ್ಲಿ ಬರೆದ, ಹಿಮದಲ್ಲಿ ಬೇಟೆಗಾರರು ಊರಿಗೆ ಮರಳುವ ಚಿತ್ರದ ಎದುರು ಮೆತ್ತನೆಯ ಬೆಂಚಿನ ಮೇಲೆ ಕುಳಿತೆವು. ದೂರದ ಕೆರೆಯ ಮಂಜುಗಡ್ಡೆಯ ಮೇಲೆ ಬೆರಳುಗುರಿನಷ್ಟು ಸಣ್ಣ ಜನ ಆಡುತ್ತಿದ್ದಾರೆ, ಒಬ್ಬ ಬಿದ್ದಿದ್ದಾನೆ. ಅವನನ್ನು ಕಂಡುಹಿಡಿದವಳು ಹೆಂಡತಿ.

ಇನ್ನು ಆಪೆರಾ, ಹಾಡಿನಲ್ಲೇ ನಡೆಯುವ ನಾಟಕ. ನೂರಾರು ಯೂರೋ ಕೊಟ್ಟು ಕೂರುವುದು ನಮ್ಮಿಂದಾಗದು, ಆದರೆ ಅಲ್ಲಿನ ಸರ್ಕಾರಿ ಆಪೆರಾ ಮಂದಿರ ಸ್ಟಾಟ್ಸ್‌ಓಪರಿನಲ್ಲಿ ನಿಂತು ನೋಡುವ ಜಾಗಗಳು ನಾನೂರಕ್ಕೂ ಹೆಚ್ಚಿವೆ. ನಾವು ಕೊಟ್ಟದ್ದು ತಲೆಗೆ ಹದಿನೈದು ಯೂರೋ ಒಳಗೆ. ಒಳಗೆ ಹೋದ ಕೂಡಲೇ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿದರೆ ಆ ಜಾಗ ನಿಮ್ಮದು, ಯಾರೂ ಬಿಚ್ಚುವುದಿಲ್ಲ. ಆಮೇಲೆ ಆರಾಮವಾಗಿ ಮೆಟ್ಟಿಲು, ಛಾವಣಿ ನೋಡಿಕೊಂಡು ಬರಬಹುದು. ಹೆಂಡತಿ ಮೈಸೂರು ರೇಷ್ಮೆಯ ಒಂದು ತುಂಡನ್ನು ಕಟ್ಟಿದ್ದಳು; ಪಕ್ಕದ ಅಜ್ಜಿ ಅದನ್ನು ಮುಟ್ಟಿ ನೋಡಿ ತಲೆದೂಗಿದರು. ಎಲ್ಲಿ ನಿಂತರೆ ರಂಗವೂ ವಾದ್ಯವೃಂದವೂ ಒಟ್ಟಿಗೆ ಕಾಣುತ್ತವೆ ಎಂಬುದನ್ನು ಕಂಡುಕೊಂಡಿದ್ದೇನೆ, ಅದು ನನ್ನಲ್ಲೇ ಇರಲಿ. ಅಂದು ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ಆಪೆರಾ. ಅವನು 1919ರಿಂದ 1924ರವರೆಗೆ ಇದೇ ಆಪೆರಾ ಮಂದಿರದ ಇಬ್ಬರು ನಿರ್ದೇಶಕರಲ್ಲಿ ಒಬ್ಬನಾಗಿದ್ದ. ಅವನ ಕೊನೆಯ ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ ಖರ್ಚಿನ ಹೊಣೆ ಹೊತ್ತವರು ನಮ್ಮ ಜಯಚಾಮರಾಜ ಒಡೆಯರು. ಮೈಸೂರಿನವರಾಗಿ ಅಲ್ಲಿ ನಿಂತಾಗ ಅದು ನೆನಪಾಗದೆ ಇರುತ್ತದೆಯೇ? ಮೂರು ಗಂಟೆಗೂ ಮೇಲಾಯಿತು. “ಮಧ್ಯಾಹ್ನ ಮಲಗಿದ್ದಕ್ಕೆ ಕಾಲು ನೋಯಲಿಲ್ಲ ನೋಡಿ” ಎಂದಳು ಹೆಂಡತಿ, ನಾದಿನಿಗೆ ಹೇಳಬೇಕಾದ ಉತ್ತರವನ್ನು ನನಗೆ ಹೇಳುವಂತೆ. ನಿಲ್ಲಲಾಗದವರಿಗೆ ಇನ್ನೊಂದು ದಾರಿ ಇದೆ: ಸೆಪ್ಟೆಂಬರಿನಲ್ಲೂ, ಏಪ್ರಿಲ್‌ನಿಂದ ಜೂನ್‌ವರೆಗೂ ಅನೇಕ ಸಂಜೆ ಒಳಗಿನ ಪ್ರದರ್ಶನವನ್ನು ಹೊರಗಿನ ಚೌಕದ ದೊಡ್ಡ ಪರದೆಯಲ್ಲಿ ನೇರವಾಗಿ, ಪುಕ್ಕಟೆಯಾಗಿ ತೋರಿಸುತ್ತಾರೆ.

ರಾತ್ರಿಯ ಊಟ ಕೋಣೆಯಲ್ಲೇ. ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ರಾತ್ರಿಗೆ ಸುಮಾರು ತೊಂಬತ್ತು ಯೂರೋಗೆ ಹಿಡಿದಿದ್ದೆವು, ಟ್ರಾಮ್ ನಿಲ್ದಾಣಕ್ಕೆ ಎರಡು ನಿಮಿಷ. ಊರಿನಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರು ಕೆಲಸಕ್ಕೆ ಬರಲಿಲ್ಲ, ಇಂಡಕ್ಷನ್ ಒಲೆ ಅದನ್ನು ಪಾತ್ರೆ ಎಂದೇ ಒಪ್ಪುವುದಿಲ್ಲ. ಸ್ಟೀಲ್ ತಳದ್ದಿದ್ದರೆ ಒಯ್ಯಿರಿ. ಅಲ್ಲಿನ ಪಾತ್ರೆಯಲ್ಲೇ ನನ್ನ ಪ್ರಯೋಗಗಳು ಶುರುವಾದವು. ಅಂಗಡಿಯ ಗುಂಡು ಅಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಮೊಸರು ಕೊಬ್ಬು ಹೆಚ್ಚಿರುವುದನ್ನೇ ತೆಗೆದುಕೊಳ್ಳಿ, ಹುಳಿ ಸಾಲದಿದ್ದರೆ ಒಂದು ರಾತ್ರಿ ಹೊರಗಿಡಿ. ಅಲ್ಲಿನ ಗೋಧಿ ರವೆಯಿಂದ ಉಪ್ಪಿಟ್ಟು ಮೊದಲ ಸಲ ಅಂಟಾಯಿತು. ಮರುದಿನ ರವೆಯನ್ನು ಎರಡರಷ್ಟು ಹೊತ್ತು ಹುರಿದು ನೀರು ಕಡಿಮೆ ಮಾಡಿದಾಗ ಹುಡಿಹುಡಿಯಾಗಿ ಬಂತು. ಹಸಿಮೆಣಸಿನಕಾಯಿ, ಕೊತ್ತಂಬರಿ ಹದಿನಾರನೆಯ ಜಿಲ್ಲೆಯ ಬ್ರುನ್ನೆನ್ ಮಾರುಕಟ್ಟೆಯಲ್ಲಿ ಟರ್ಕಿಯವರ ಅಂಗಡಿಗಳಲ್ಲಿ ಅಗ್ಗ. ಪ್ರವಾಸಿಗರು ತುಂಬಿದ ನಾಷ್‌ಮಾರ್ಕ್ಟ್‌ನಲ್ಲಿ ಕಣ್ಣು ತುಂಬಿಸಿಕೊಂಡು ಬನ್ನಿ, ಕೊಳ್ಳಬೇಡಿ. ಕುಡಿಯುವ ನೀರಿಗೆ ಒಂದು ಸೆಂಟೂ ಖರ್ಚಿಲ್ಲ; 1873ರಿಂದ ಆಲ್ಪ್ಸ್ ಬೆಟ್ಟದ ಚಿಲುಮೆಗಳ ನೀರು ನೇರವಾಗಿ ನಲ್ಲಿಗೆ ಬರುತ್ತಿದೆ.

ಶನಿವಾರ, ಭಾನುವಾರ ಮಾತ್ರ ಈ ಲೆಕ್ಕ ಕೆಡುತ್ತದೆ. ಮಧ್ಯಾಹ್ನದ ಅಗ್ಗದ ಊಟ ಆಗ ಹೆಚ್ಚಿನ ಕಡೆ ಇರುವುದಿಲ್ಲ, ಭಾನುವಾರ ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಬಿಟ್ಟರೆ ದಿನಸಿ ಅಂಗಡಿಗಳೂ ಮುಚ್ಚಿರುತ್ತವೆ. ಆದ್ದರಿಂದ ಭಾನುವಾರ ಇಳಿದು, ಪ್ರವಾಸದ ನಡುವೆ ಒಂದೇ ಒಂದು ಪೂರ್ಣ ವಾರಾಂತ್ಯ ಬರುವ ಹಾಗೆ ಟಿಕೆಟ್ ಮಾಡಿಸಿದ್ದೆ. ಆ ಶನಿವಾರ 31ನೇ ನಂಬರಿನ ಟ್ರಾಮ್ ಹಿಡಿದು ಕೊನೆಯ ನಿಲ್ದಾಣ ಸ್ಟಾಮರ್ಸ್‌ಡೋರ್ಫ್‌ಗೆ ಹೋದೆವು. ಅದಿನ್ನೂ ವಿಯೆನ್ನಾದ ಒಳಗೇ, ಆದರೆ ಸುತ್ತ ದ್ರಾಕ್ಷಿ ತೋಟ. ಬೆಳೆದವರೇ ತಮ್ಮ ವೈನ್ ಮಾರುವ ಮನೆಗಳಿಗೆ ಹೊಯ್‌ರಿಗರ್ ಎನ್ನುತ್ತಾರೆ. ಬಾಗಿಲ ಮೇಲೆ ಪೈನ್ ಕೊಂಬೆ ತೂಗುತ್ತಿದ್ದರೆ ತೆರೆದಿದೆ ಎಂದರ್ಥ. ಒಳಗೆ ಗಾಜಿನ ಕಪಾಟಿನಿಂದ ಬೇಕಾದ್ದನ್ನು ತೋರಿಸಿ ತೆಗೆದುಕೊಳ್ಳಬೇಕು: ಪ್ಯಾಪ್ರಿಕಾ ಕಲಸಿದ ಚೀಸ್, ಕಪ್ಪು ಬ್ರೆಡ್ಡು, ಉಪ್ಪಿನಲ್ಲಿಟ್ಟ ಸೌತೆಕಾಯಿ. ಸೆಪ್ಟೆಂಬರಿನ ವಿಶೇಷ ಸ್ಟುರ್ಮ್, ಇನ್ನೂ ಹುದುಗುತ್ತಿರುವ ದ್ರಾಕ್ಷಿ ರಸ, ಮಡ್ಡಿಯಾಗಿ ಸಿಹಿಯಾಗಿ ಇರುತ್ತದೆ. ಬಾಟಲಿಯ ಮುಚ್ಚಳ ಬಿಗಿ ಮಾಡಿರುವುದಿಲ್ಲ, ಬಿಗಿದರೆ ಒಳಗಿನ ಅನಿಲಕ್ಕೆ ಸಿಡಿದೀತು. ಒಂದನ್ನು ಚೀಲದಲ್ಲಿ ಅಡ್ಡ ಇಟ್ಟುಕೊಂಡು ಟ್ರಾಮ್ ಹತ್ತಿದ ಪಕ್ಕದ ಸೀಟಿನವರ ಪಾಡು ನೋಡಿದ್ದೇನೆ, ನೆಟ್ಟಗೆ ಹಿಡಿದುಕೊಂಡೇ ತನ್ನಿ. ಕುಡಿಯದವರಿಗೆ ಹುದುಗದ ದ್ರಾಕ್ಷಿ ರಸ ಕೊಡುತ್ತಾರೆ.

ಕಾಫಿಗೆ ಮಾತ್ರ ನಾನು ಲೆಕ್ಕ ಇಡಲಿಲ್ಲ. ಹಾಲು ಬೆರೆಸಿದ ಒಂದು ಮೆಲಾಂಜ್‌ಗೆ ಐದಾರು ಯೂರೋ. ಸಣ್ಣ ಲೋಹದ ತಟ್ಟೆಯಲ್ಲಿ ಬರುತ್ತದೆ, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಕವುಚಿಟ್ಟ ಚಮಚ. ಮರದ ಕೋಲಿಗೆ ಸಿಕ್ಕಿಸಿದ ದಿನಪತ್ರಿಕೆಗಳಿರುತ್ತವೆ. ಎರಡು ಗಂಟೆ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ, ನೀರು ಮುಗಿದರೆ ಇನ್ನೊಂದು ಲೋಟ ತಂದಿಡುತ್ತಾರೆ. ನಮ್ಮ ಫಿಲ್ಟರ್ ಕಾಫಿಯ ಗಟ್ಟಿತನ ಅದಕ್ಕಿಲ್ಲ, ಆದರೆ ಆ ಎರಡು ಗಂಟೆಗೆ ಐದು ಯೂರೋ ನನಗೆ ದುಬಾರಿ ಎನಿಸಲಿಲ್ಲ.

ದುಡ್ಡಿನ ವಿವರ ನೆನಪಿನಿಂದ ಹೇಳುತ್ತೇನೆ. ವಿಮಾನ ಇಬ್ಬರಿಗೆ ಒಂದು ಲಕ್ಷ ಮೂವತ್ತು ಸಾವಿರದ ಹತ್ತಿರ, ವೀಸಾ ವಿಮೆ ಇಪ್ಪತ್ತೈದು ಸಾವಿರ, ಮನೆ ಎಂಬತ್ತು ಸಾವಿರ ಚಿಲ್ಲರೆ, ಊಟ ಕಾಫಿ ನಲವತ್ತೈದು ಸಾವಿರ, ಟ್ರಾಮ್, ಮ್ಯೂಸಿಯಂ, ಆಪೆರಾ ಎಲ್ಲ ಸೇರಿ ಮೂವತ್ತರ ಒಳಗೆ, ಮಿಕ್ಕದ್ದು ಉಡುಗೊರೆ ಮತ್ತು ಸಣ್ಣಪುಟ್ಟದ್ದು. ಪ್ಯಾಕೇಜಿನವರು ಒಬ್ಬರಿಗೇ ಎರಡೂವರೆ ಲಕ್ಷ ಹೇಳಿದ್ದರು. ಪ್ರವಾಸಿಗರಿಗೆಂದು ಮಾರುವ ರಿಯಾಯಿತಿ ಕಾರ್ಡನ್ನು ಕೂಡಿ ಕಳೆದು ನೋಡಿದೆ, ನಮ್ಮ ಓಡಾಟಕ್ಕೆ ಸಾಮಾನ್ಯ ವಾರದ ಪಾಸೇ ಅಗ್ಗವಾಯಿತು. ವಿಮಾನ ನಿಲ್ದಾಣದಿಂದ ದುಬಾರಿ ವೇಗದ ರೈಲು ಬೇಡ. ಎಸ್-7 ಎಂಬ ಸಾಮಾನ್ಯ ರೈಲು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು ಮೂರನೇ ಒಂದು ಭಾಗದ ದರಕ್ಕೆ ಅದೇ ವೀನ್ ಮಿಟ್ಟೆ ನಿಲ್ದಾಣಕ್ಕೆ ಬಿಡುತ್ತದೆ. ಕಾರ್ಡಿನಲ್ಲಿ ಪಾವತಿಸುವಾಗ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ನೂರಕ್ಕೆ ಮೂರು ನಾಲ್ಕು ರೂಪಾಯಿ ಸುಮ್ಮನೆ ಹೋಗುತ್ತದೆ.

ಜುಲೈ ಮತ್ತು ಆಗಸ್ಟ್ ಬೇಡ. ಆಗ ಸ್ಟಾಟ್ಸ್‌ಓಪರಿಗೆ ರಜೆ, ಆಗಸ್ಟಿನಲ್ಲಿ ಎಷ್ಟೋ ಬೈಸ್ಲ್‌ಗಳು ಬಾಗಿಲಿಗೆ ಚೀಟಿ ಅಂಟಿಸಿ ಊರು ಬಿಟ್ಟಿರುತ್ತವೆ. ಸೆಪ್ಟೆಂಬರಿನ ಮೊದಲೆರಡು ವಾರ ಹಿಡಿಯಿರಿ, ಕಾಡಣಬೆಯೂ ಸ್ಟುರ್ಮೂ ಒಟ್ಟಿಗೆ ಸಿಗುತ್ತವೆ.