ರಥದ ಜಾಗಕ್ಕೆ ಕಾರು: ಲೋರ್ ಒಲಿಂಪಸ್ ಅನ್ನು ಎರಡನೇ ಸಲ ಓದಿದ್ದು

ಮೊದಲ ಸಲ ಓದುವಾಗ ನನಗೆ ಬೇಕಿದ್ದದ್ದು ಒಂದೇ, ಇವರಿಬ್ಬರೂ ಯಾವಾಗ ಒಂದಾಗುತ್ತಾರೆ ಅಂತ. ರೇಚಲ್ ಸ್ಮೈತ್ ಅವರ ಈ ವೆಬ್‌ಟೂನ್, ಅಂದರೆ ಫೋನಿನಲ್ಲಿ ಓದುವ ಕಾಮಿಕ್, ಗ್ರೀಕ್ ಪುರಾಣದ ಒಂದು ಕತೆಯನ್ನು ಹೊಸದಾಗಿ ಹೇಳುತ್ತದೆ; 2018ರಲ್ಲಿ ಶುರುವಾಗಿ 2024ರಲ್ಲಿ ಮುಗಿಯಿತು. ಪಾತಾಳದ ರಾಜ, ನೀಲಿ ಮೈಯ ಹೇಡೀಸ್; ಬೆಳೆಯ ದೇವತೆ ಡಿಮೀಟರ್‌ನ ಮಗಳು, ಗುಲಾಬಿ ಮೈಯ ಪರ್ಸೆಫನಿ. ಮಲಗುವ ಮುಂಚೆ ಒಂದೇ ಎಪಿಸೋಡ್ ಅಂದುಕೊಂಡು ಕೂತರೆ ರಾತ್ರಿ ಎರಡು ಗಂಟೆ ಆಗಿರುತ್ತಿತ್ತು. ಎರಡನೇ ಸಲ ಮಾತ್ರ ಬೇರೆ ತರ ಓದಿದೆ. ಫೋನಿನಲ್ಲಿ ಕಾಮಿಕ್, ಲ್ಯಾಪ್‌ಟಾಪಿನಲ್ಲಿ ಪ್ರಾಚೀನ ಗ್ರೀಕ್ ಕವಿ ಹೋಮರನ ಹೆಸರಲ್ಲಿ ಬಂದಿರುವ, ಇದೇ ಕತೆ ಹೇಳುವ ಡಿಮೀಟರ್ ಸ್ತೋತ್ರ (495 ಸಾಲು, ಹೆದರಬೇಡಿ), ಮಧ್ಯೆ ಒಂದು ನೋಟ್‌ಬುಕ್. ಕತೆ ಮೊದಲೇ ಗೊತ್ತಾದರೆ ಬೇಜಾರು ಅನ್ನುವವರು ಇಲ್ಲೇ ನಿಲ್ಲಿಸಿ.

ಶುರುವಿನಲ್ಲೇ ಎಡವಿದೆ. ಕಂಡಿದ್ದೆಲ್ಲ ಸಂಕೇತ ಅಂತ ಗೀಚಿಕೊಂಡೆ. ದಾಳಿಂಬೆಗಂತೂ ಒಂದಿಡೀ ಪುಟ: ಪರ್ಸೆಫನಿ ಪಾತಾಳದಲ್ಲಿ ಆರು ಕಾಳು ತಿಂದಳು, ಅದಕ್ಕೇ ವರ್ಷಕ್ಕೆ ಆರು ತಿಂಗಳು ಅಲ್ಲೇ. ಆಮೇಲೆ ಸ್ತೋತ್ರ ನೋಡಿದರೆ ಅಲ್ಲಿರುವುದು ಒಂದೇ ಕಾಳು, ಅವಳು ಕೆಳಗಿರಬೇಕಾದದ್ದು ವರ್ಷದ ಮೂರನೇ ಒಂದು ಭಾಗ! ರೋಮನ್ ಕವಿ ಓವಿಡ್‌ನ ಮೆಟಮಾರ್ಫಸಿಸ್ ಕಾವ್ಯದಲ್ಲಿ ಏಳು ಕಾಳು. ನಾನು ಎಲ್ಲೋ ಕೇಳಿದ್ದ ಲೆಕ್ಕವನ್ನು ಹೋಮರನ ತಲೆಗೆ ಕಟ್ಟಿದ್ದೆ. ಆ ಪುಟ ಹರಿದು ಹಾಕಿದೆ. ಅವತ್ತಿಂದ ಮೊದಲು ಹಳೇ ಪಠ್ಯ, ಆಮೇಲೆ ಚಿತ್ರ.

ಹಾಗೆ ಓದಿದಾಗಲೇ ಕಾರು ಕಣ್ಣಿಗೆ ಬಿತ್ತು. ಸ್ತೋತ್ರದಲ್ಲಿ ಹುಡುಗಿ ಹೂ ಕೀಳುತ್ತಿರುತ್ತಾಳೆ, ಭೂಮಿ ಬಾಯಿ ಬಿಡುತ್ತದೆ, ಹೇಡೀಸ್ ಬಂದು ಅಳುತ್ತಿರುವವಳನ್ನು ಚಿನ್ನದ ರಥದಲ್ಲಿ ಹಾಕಿಕೊಂಡು ಹೋಗುತ್ತಾನೆ. ಅದಕ್ಕೆ ಅವಳ ಅಪ್ಪ, ದೇವತೆಗಳ ರಾಜ ಜ್ಯೂಸ್‌ನ ಒಪ್ಪಿಗೆ ಬೇರೆ. ಕಾಮಿಕ್‌ನಲ್ಲಿ ಪಾರ್ಟಿ ನಡೆಯುತ್ತದೆ, ಪ್ರೇಮದೇವತೆ ಅಫ್ರೋಡೈಟಿಗೆ ಹೊಟ್ಟೆಕಿಚ್ಚು, ಅವಳ ಮಾತು ಕೇಳಿ ಅವಳ ಮಗ ಈರೋಸ್ ಪರ್ಸೆಫನಿಗೆ ಚೆನ್ನಾಗಿ ಕುಡಿಸಿ ಹೇಡೀಸ್‌ನ ಕಾರಿನ ಹಿಂದಿನ ಸೀಟಿಗೆ ಸೇರಿಸಿಬಿಡುತ್ತಾನೆ. ಹೇಡೀಸ್‌ಗೆ ಏನೂ ಗೊತ್ತಿಲ್ಲ, ಸುಮ್ನೆ ಮನೆಗೆ ಓಡಿಸಿಕೊಂಡು ಹೋಗುತ್ತಾನೆ. ಅಂದರೆ ರಥವೂ ಇದೆ, ಪಾತಾಳಕ್ಕೆ ಪಯಣವೂ ಇದೆ, ಎತ್ತಿಕೊಂಡು ಹೋದವನ ತಪ್ಪು ಮಾತ್ರ ಮಾಯ. ಪ್ರೇಮಕತೆ ನಿಲ್ಲಬೇಕಾದರೆ ಹೀಗೆ ಮಾಡಲೇಬೇಕಿತ್ತು, ಅಲ್ವಾ? ಆದರೆ ಇದಕ್ಕೆ ಬೆಲೆ ಕೊಟ್ಟವಳು ಡಿಮೀಟರ್ ಅಂತ ನನಗನ್ನಿಸುತ್ತದೆ. ಸ್ತೋತ್ರದಲ್ಲಿ ಒಂಬತ್ತು ದಿನ ಅನ್ನ ನೀರು ಬಿಟ್ಟು, ಪಂಜು ಹಿಡಿದು ಮಗಳಿಗಾಗಿ ಅಲೆಯುವ ತಾಯಿ, ಇಲ್ಲಿ ಬಹಳಷ್ಟು ಹೊತ್ತು ಮಗಳನ್ನು ಕಟ್ಟಿಹಾಕುವ ಅಮ್ಮ.

ಹೆಸರುಗಳಲ್ಲೂ ಜಾಸ್ತಿ ವಿಷಯ ಇದೆ. ಪರ್ಸೆಫನಿಯ ಮೊದಲ ಹೆಸರು ಕೋರೆ, ಗ್ರೀಕಿನಲ್ಲಿ ಸುಮ್ನೆ 'ಹುಡುಗಿ' ಅಂತಷ್ಟೇ. ಪರ್ಸೆಫನಿ ಅನ್ನುವ ಹೆಸರನ್ನು ಕೊಲೆ ಅನ್ನುವ ಅರ್ಥದ 'ಫೋನೋಸ್' ಪದದ ಜೊತೆ ಜೋಡಿಸುವವರಿದ್ದಾರೆ. ಕಾಮಿಕ್‌ನಲ್ಲಿ ಆ ಮುದ್ದು ಹುಡುಗಿ ಮುಚ್ಚಿಟ್ಟುಕೊಂಡಿರುವುದೂ ಕೋಪದಲ್ಲಿ ಮನುಷ್ಯರನ್ನು ಕೊಂದ ಗುಟ್ಟನ್ನೇ. ಹೆಸರು ಗೊತ್ತಿದ್ದವರಿಗೆ ಗುಟ್ಟು ಮೊದಲೇ ಗೊತ್ತು! ಮಿಂಥೆ ಅನ್ನುವ ಅಪ್ಸರೆಯದೂ ಅದೇ ಕತೆ. ಹೇಡೀಸ್ ಜೊತೆ ಸಂಬಂಧವಿದ್ದ ಅವಳನ್ನು ಕೋರೆ ತುಳಿದಳು, ಅವಳು ಪುದೀನ ಗಿಡವಾದಳು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಕಾಮಿಕ್‌ನಲ್ಲೂ ಅವಳು ಗಿಡವಾಗುತ್ತಾಳೆ. ನಮ್ಮ ಬಾಲ್ಕನಿಯ ಪುದೀನ ಕುಂಡಕ್ಕೆ ಈಗ ಮನೆಯಲ್ಲಿ ಮಿಂಥೆ ಅಂತಲೇ ಹೆಸರು. ಚಟ್ನಿಗೆ ಕೀಳುವಾಗ ಸ್ವಲ್ಪ ಪಾಪ ಅನ್ನಿಸುತ್ತದೆ.

ಕೊನೆಗೆ ಬಣ್ಣ. ನನಗೆ ಗ್ರೀಕ್ ಬರುವುದಿಲ್ಲ. ಪರ್ಸಿಯಸ್ ಅನ್ನುವ ಸೈಟಿನಲ್ಲಿ ಮೂಲದ ಯಾವ ಪದ ಒತ್ತಿದರೂ ನಿಘಂಟು ತೆರೆಯುತ್ತದೆ, ಅದೇ ನನ್ನ ಆಧಾರ. ಒಂದು ಸಂಜೆ ಸ್ತೋತ್ರದ 347ನೇ ಸಾಲು ಓದುತ್ತಿದ್ದೆ. ದೇವತೆಗಳ ದೂತ ಹರ್ಮೀಸ್ ಪಾತಾಳಕ್ಕೆ ಇಳಿದು ಬಂದು ಹೇಡೀಸ್‌ನನ್ನು 'ಕ್ಯಾನೋಖೈತ' ಅಂತ ಕರೆಯುತ್ತಾನೆ. ಇಂಗ್ಲಿಷ್ ಅನುವಾದದಲ್ಲಿ ಕಪ್ಪು ಕೂದಲಿನವನು ಅಂತಷ್ಟೇ ಇತ್ತು. ಪದ ಒತ್ತಿದೆ. 'ಕ್ಯಾನೋಸ್' ಅಂದರೆ ಕಡು ನೀಲಿ, ಪ್ರಿಂಟರ್ ಇಂಕಿನ ಸಯಾನ್ ಬಂದಿದ್ದೂ ಅಲ್ಲಿಂದಲೇ. ನೀಲಿ ಹೇಡೀಸ್! ಕಲಾವಿದೆ ಇದನ್ನು ನೋಡಿಯೇ ಬಣ್ಣ ಹಚ್ಚಿದರು ಅಂತ ನಾನು ಹೇಳುತ್ತಿಲ್ಲ, ದಾಳಿಂಬೆಯಲ್ಲಿ ಒಂದು ಸಲ ಪೆಟ್ಟು ತಿಂದಿದ್ದೇನೆ. ನೋಟ್‌ಬುಕ್ಕಿನಲ್ಲಿ ಅದನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ, ಪೆನ್ನಿನಲ್ಲಿ ಅಲ್ಲ.